ಎರಡು ಕರಡಿಗೆ

ಮಸ್ಕಿಯ ಬಜಾರದಲ್ಲಿ ನನ್ನದು ಬಟ್ಟೆ ಅಂಗಡಿ. ಅದಕ್ಕೆ ತಗುಲಿಕೊಂಡೇ ಅಮರಗುಂಡಪ್ಪನ ಗೋಣಿಚೀಲದ ಅಂಗಡಿ. ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ನಾನಿಲ್ಲಿ ಸೀನಿದರೆ ಅವನಲ್ಲಿ ‘ಶಿವಾ’ ಅನ್ನುವುದು ನನಗೆ ಕೇಳಿಸುತ್ತದೆ. ನಾನು ಅಂಗಡಿಯ ಬೋರ್ಡನ್ನು ಎಷ್ಟೋ ಸಲ ಬದಲಿಸಿದವನು. ಗಾಜು ಹಾಕಿಸಿದೆ, ಗೊಂಬೆಗಳಿಗೆ ಪ್ಯಾಂಟು ತೊಡಿಸಿ ನಿಲ್ಲಿಸಿದೆ, ಅವು ಹಳೆಯವಾದವೆಂದು ಬೇರೆ ಗೊಂಬೆ ತಂದೆ. ಅವನ ಅಂಗಡಿಗೆ ಬೋರ್ಡೇ ಇಲ್ಲ. ಯಾಕಪ್ಪಾ ಎಂದು ಕೇಳಿದರೆ, ಇಷ್ಟು ದಿನ ಬಂದವರು ಯಾರೂ ಬೋರ್ಡು ಓದಿ ಬಂದಿಲ್ಲವಲ್ಲ ಎನ್ನುತ್ತಾನೆ.

ಅವನ ಕಸುಬು ಇಷ್ಟೇ. ಸಿಂಧನೂರಿನ ಅಕ್ಕಿ ಗಿರಣಿಗಳಿಂದ ಹಳೆಯ ಗೋಣಿಚೀಲ ಕೊಂಡು ತರುತ್ತಾನೆ. ಹರಿದದ್ದನ್ನು ದಬ್ಬಳ, ಸುತಳಿ ಹಿಡಿದು ತಾನೇ ಹೊಲಿಯುತ್ತಾನೆ. ಮೇಲುಸೀಮೆಯ ಕಡೆ ಜೋಳ, ತೊಗರಿ ಬೆಳೆಯುವವರು ಬಂದು ಒಯ್ಯುತ್ತಾರೆ. ಈಗ ಗಿರಣಿಗಳೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಇಳಿದಿವೆ. ನೀನೂ ಆ ಚೀಲದ ಏಜೆನ್ಸಿ ಹಿಡಿ, ಜಾಗ ನಾನು ಕೊಡುತ್ತೇನೆ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬಸ್ಸಿನಲ್ಲಿ ಅವನಿಗೆ ಒಂದೇ ಸೀಟು, ಬಾಗಿಲ ಹಿಂದಿನದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಸಿಂಧನೂರಿನವರೆಗೂ ನಿಂತೇ ಹೋಗುತ್ತಾನೆ. ಖಾಜಾಸಾಬ್‌ನ ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಕಾಗದದ ಲೋಟದಲ್ಲೇ ಆದರೂ ಇವನಿಗಾಗಿ ಒಂದು ಗಾಜಿನ ಗ್ಲಾಸು ಗೂಟಕ್ಕೆ ತೂಗುತ್ತಿದೆ. ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳುವ ಜಾತಿ ನಿಂದು ಎಂದು ನಾನು ಬೈದರೆ, ಅವನು ನಕ್ಕು ಸುತಳಿಯ ತುದಿಯನ್ನು ಹಲ್ಲಿನಲ್ಲಿ ಕಡಿಯುತ್ತಾನೆ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದುಕೊಂಡು ನಾನು ಸುಮ್ಮನಿದ್ದೆ. ಅವನಲ್ಲಿ ನನಗೆ ತಮಾಷೆ ಮಾಡಲು ಆಗದೇ ಇದ್ದದ್ದು ಒಂದೇ, ಅವನ ಎಡಗೈ. ಆ ಕೈಯ ಅಂಗೈ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಹೊಲಿಯುವಾಗ ಬಿಚ್ಚುತ್ತಿದ್ದ, ಕೆಲಸ ಮುಗಿದರೆ ಮತ್ತೆ ಮುಚ್ಚುತ್ತಿದ್ದ. ಮುಟ್ಟಿದರೆ ತಣ್ಣಗೆ ಇರುತ್ತಿತ್ತು, ಏಪ್ರಿಲ್ ಬಿಸಿಲಿನಲ್ಲೂ. ಮುಂಗಾರಿನ ಮೊದಲ ಮಳೆ ಬಿದ್ದಾಗ ಎಲ್ಲರೂ ಹೊರಗೆ ಬಂದು ಆಕಾಶ ನೋಡಿದರೆ, ಇವನು ಒಳಗೆ ನಿಂತು ಆ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಕೈ ಒಣಗಿಯೇ ಇರುತ್ತಿತ್ತು. ಒರೆಸಿ ನೋಡಿಕೊಂಡು ಮತ್ತೆ ಒರೆಸುತ್ತಿದ್ದ. ಹಿಂದೆ ಆಗಿದ್ದ ಅಪಘಾತದ ನೋವು ಅದು, ನರದ ತೊಂದರೆ ಎಂದು ಡಾಕ್ಟರು ಹೇಳಿದ್ದರು.

ಅಪಘಾತದ ಸಂಗತಿ ಊರಿಗೆಲ್ಲ ಗೊತ್ತು. ಇವರು ಮೂಲತಃ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದವರು. ಅಣ್ಣ ಬಸವಲಿಂಗ, ತಮ್ಮ ಅಮರಗುಂಡಪ್ಪ, ಇಬ್ಬರೇ ಮಕ್ಕಳು. ಅಪ್ಪ ಬೇಗ ಹೋಗಿದ್ದ. ತಾಯಿ ವೀರಭದ್ರಮ್ಮ ಮಕ್ಕಳಲ್ಲಿ ಎಳ್ಳಷ್ಟೂ ಭೇದ ಮಾಡದವಳು. ಒಬ್ಬನಿಗೆ ಅಂಗಿ ಹೊಲಿಸಿದರೆ ಅದೇ ತಾನಿನಲ್ಲಿ ಇನ್ನೊಬ್ಬನಿಗೂ ಹೊಲಿಸುವಳು. ಕೊರಳಲ್ಲಿ ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆಯನ್ನೂ ಲಿಂಗಸುಗೂರಿನ ಒಬ್ಬನೇ ಪತ್ತಾರನ ಹತ್ತಿರ ಒಂದೇ ತೂಕಕ್ಕೆ, ಒಂದೇ ಚಿತ್ತಾರಕ್ಕೆ ಮಾಡಿಸಿದ್ದಳು. ದೊಡ್ಡವನದು ಹೆಚ್ಚು, ಸಣ್ಣವನದು ಕಡಿಮೆ ಅನ್ನುವ ಮಾತು ಮನೆಯಲ್ಲಿ ಬರಬಾರದು ಎಂದು. ಇಪ್ಪತ್ತು ವರ್ಷದ ಹಿಂದೆ ಒಂದು ಸಂಜೆ ಅಣ್ಣ ತಮ್ಮ ಇಬ್ಬರೂ ಸಿಂಧನೂರಿನಿಂದ ಒಂದೇ ಬೈಕಿನಲ್ಲಿ ಬರುವಾಗ ಮಸ್ಕಿಗೆ ಇನ್ನೂ ಸ್ವಲ್ಪ ದೂರವಿರುವಂತೆ ನಿಂತ ಲಾರಿಗೆ ಹೊಡೆದರು. ಬೆಳಗಾಗುವ ಹೊತ್ತಿಗೆ ಬಸವಲಿಂಗ ಇಲ್ಲವಾದ. ಅಮರಗುಂಡಪ್ಪ ತಲೆಗೆ ಪೆಟ್ಟಾಗಿ ಎಚ್ಚರವಿಲ್ಲದೆ ದವಾಖಾನೆಯಲ್ಲಿದ್ದಾಗಲೇ ಅಣ್ಣನ ಮಣ್ಣು ಆಯಿತು. ಆಮೇಲೆ ತಾಯಿ, ಮಗ ಮಸ್ಕಿಗೆ ಬಂದು ಅಂಗಡಿ ಹಾಕಿದರು. ಉಮಾದೇವಿ ಸೊಸೆಯಾಗಿ ಬಂದಳು. ಇಷ್ಟು ನಮಗೆ ತಿಳಿದದ್ದು.

ತಿಳಿಯದೇ ಇದ್ದದ್ದು ಹೋದ ವರ್ಷ ಶ್ರಾವಣದಲ್ಲಿ ಹೊರಬಿತ್ತು. ನಾವಿಬ್ಬರೂ ಸಿಂಧನೂರಿನಿಂದ ಮಧ್ಯಾಹ್ನದ ಬಸ್ಸಿಗೆ ಹತ್ತಿದ್ದೆವು. ಕಾಲುವೆಯ ಸೇತುವೆ ಹತ್ತಿರ ಎಮ್ಮೆಗಳು ಅಡ್ಡ ಬಂದವು, ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಅಮರಗುಂಡಪ್ಪ ಮುಂದಿನ ಕಂಬಿಗೆ ಬಡಿದ. ಅವನ ಕೊರಳ ಶಿವದಾರ ಕಿತ್ತುಹೋಗಿ, ಕರಡಿಗೆ ಕೆಳಗೆ ಬಿದ್ದು ಬಾಯಿ ತೆರೆಯಿತು. ಒಳಗಿನ ಲಿಂಗ ಸೀಟುಗಳ ಕೆಳಗೆ ಉರುಳಿತು. ಹುಟ್ಟಿದಾಗ ಗುರು ಕೊಟ್ಟದ್ದು, ಸಾಯುವತನಕ ಮೈಬಿಟ್ಟು ಹೋಗಬಾರದ್ದು, ಮಣ್ಣು ಮಾಡುವಾಗ ಎಡ ಅಂಗೈಯಲ್ಲಿಟ್ಟು ಕಳಿಸುವಂಥದ್ದು. ಯಾವ ಲಿಂಗವಂತನಿಗಾದರೂ ಆ ಹೊತ್ತಿಗೆ ಜೀವ ಬಾಯಿಗೆ ಬರುತ್ತದೆ. ಆದರೆ ಇವನು ಹುಡುಕಿದ ರೀತಿ ನೋಡಿ ನನಗೆ ಹೆದರಿಕೆಯಾಯಿತು. ಮಂದಿಯ ಕಾಲುಗಳ ನಡುವೆ ಅಂಬೆಗಾಲಿಟ್ಟು, ‘ಅಣ್ಣಾ, ಅಣ್ಣಾ’ ಎಂದು ಕರೆಯುತ್ತ ಹುಡುಕುತ್ತಿದ್ದ. ಯಾರೋ ಈರುಳ್ಳಿ ಚೀಲ ಇಟ್ಟಿದ್ದರು, ಅದರ ಬುಡದಲ್ಲಿ ನನಗೇ ಸಿಕ್ಕಿತು. ಅವನ ಅಂಗೈಯಲ್ಲಿ ಇಟ್ಟೆ.

ಮಸ್ಕಿಯಲ್ಲಿ ಇಳಿದು ನಿಲ್ದಾಣದ ಕಟ್ಟೆಯ ಮೇಲೆ ಕೂತೆವು. ದೇವರು ದೊಡ್ಡವನು, ನಿನ್ನ ಲಿಂಗ ನಿನಗೆ ಸಿಕ್ಕಿತು ಎಂದು ನಾನು ಸಮಾಧಾನ ಹೇಳಿದೆ.

“ಇದು ನಂದಲ್ಲ ಪಂಪಣ್ಣ,” ಎಂದ. “ಅಣ್ಣಂದು. ನಂದು ಅಣ್ಣನ ಕೈಯಾಗ ಐತಿ.”

ನನಗೆ ತಕ್ಷಣ ತಿಳಿಯಲಿಲ್ಲ. ಅಣ್ಣ ಎಲ್ಲಿದ್ದಾನೆ? ಗುರುಗುಂಟಾದ ಮಣ್ಣಿನೊಳಗೆ.

ಅವನು ನಿಧಾನಕ್ಕೆ ಬಿಡಿಸಿ ಹೇಳಿದ. ದವಾಖಾನೆಯಲ್ಲಿ ಎಕ್ಸ್‌ರೇ ಫೋಟೋ ತೆಗೆಯಬೇಕೆಂದು ಇಬ್ಬರ ಕೊರಳಿಂದಲೂ ಕರಡಿಗೆ ತೆಗೆದು ತಾಯಿಯ ಕೈಗೆ ಕೊಟ್ಟಿದ್ದರು. ಅವಳು ಎರಡನ್ನೂ ಒಂದೇ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅಣ್ಣನನ್ನು ಕುಣಿಯಲ್ಲಿ ಕೂರಿಸಿದಾಗ ಒಂದನ್ನು ಬಿಚ್ಚಿ ಕೊಟ್ಟಳು. ಉಳಿದದ್ದನ್ನು, ಇವನಿಗೆ ಎಚ್ಚರ ಬಂದಾಗ, ತನ್ನ ಕೈಯಾರೆ ಕೊರಳಿಗೆ ಕಟ್ಟಿದಳು. ಮನೆಗೆ ಬಂದ ಮೊದಲ ದಿನ ಇವನು ಸ್ನಾನ ಮಾಡಿ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡ. ಅದು ಹೆಬ್ಬೆರಳ ಕಡೆಗೆ ಒಂದು ಕೂದಲೆಳೆಯಷ್ಟು ವಾಲಿತು. ಅಣ್ಣನ ಲಿಂಗ ಹಾಗೆ ವಾಲುತ್ತಿತ್ತು. ಚಿಕ್ಕವರಿದ್ದಾಗ ಜೊತೆಯಲ್ಲಿ ಪೂಜೆಗೆ ಕೂತು, ನಿನ್ನ ದೇವರು ಕುಂಟ ಎಂದು ಅವನನ್ನು ಅಳಿಸಿದ್ದ ಇವನಿಗೆ ಅದು ಗೊತ್ತಾಗದೆ ಇದ್ದೀತೇ?

ತಾಯಿಗೆ ಹೇಳಲಿಲ್ಲ. ಹೇಳುವುದು ಹೇಗೆ? ಬದುಕಿದ ಮಗನ ಪ್ರಾಣವನ್ನು ಸತ್ತ ಮಗನ ಕೈಗೆ ಕೊಟ್ಟು ಮಣ್ಣೆಳೆದೆ ಎಂದು ತಿಳಿದರೆ ಅವಳು ಉಳಿಯುತ್ತಿರಲಿಲ್ಲ. ಅಂದಿನಿಂದ ಇವನು ಬಾಗಿಲು ಹಾಕಿಕೊಂಡೇ ಪೂಜೆ ಮಾಡುತ್ತಾನೆ. ಅಂದಿನಿಂದಲೇ ಎಡ ಅಂಗೈಯಲ್ಲಿ ಮಣ್ಣಿನ ಥಂಡಿ ಹತ್ತಿದೆ. ಗುರುಗುಂಟಾದಲ್ಲಿ ಮಳೆಯಾದರೆ ಇಲ್ಲಿ ಅಂಗೈ ಒದ್ದೆಯಾದಂತೆ ಆಗುತ್ತದೆ. ಇದನ್ನೆಲ್ಲ ಅವನು ಗಿರಣಿಯಲ್ಲಿ ಚೀಲದ ದರ ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದ.

ನಾನು ಸುಮ್ಮನಿರುವ ಆಸಾಮಿಯಲ್ಲ. ತಪ್ಪಾಗಿದೆ ಎಂದು ಗೊತ್ತಿದ್ದೂ ತಿದ್ದದೆ ಇರುವುದು ಯಾವ ಸೀಮೆ ಬುದ್ಧಿ ಎಂದು ರೇಗಿದೆ. ಇನ್ನೊಬ್ಬರ ಲಿಂಗ ಕಟ್ಟಿಕೊಳ್ಳಬಾರದು, ಮಠಕ್ಕೆ ಹೋದರೆ ಅಯ್ಯನವರು ಹೊಸದು ಕೊಡುತ್ತಾರೆ, ಹಳೆಯದನ್ನು ಹೊಳೆಗೆ ಬಿಟ್ಟರೆ ಕೈಯೂ ನೆಟ್ಟಗಾಗುತ್ತದೆ, ಬದುಕೂ ನೆಟ್ಟಗಾಗುತ್ತದೆ ಎಂದೆ. ಲಾಭವೆಲ್ಲ ಒಂದು ಕಡೆ ಇದೆ, ನಷ್ಟವೆಲ್ಲ ಇನ್ನೊಂದು ಕಡೆ ಇದೆ, ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವುದಕ್ಕೆ ಒಂದಾದರೂ ಕಾರಣ ಕೊಡು ಎಂದು ಸವಾಲು ಹಾಕಿದೆ.

ಅವನು ಕರಡಿಗೆಯ ಮುಚ್ಚಳ ತಿರುವಿ ಭದ್ರ ಮಾಡಿದ.

“ಹೊಸಾದು ಇದಕ್ಕಿಂತ ಚೊಲೋನ ಇರಬಹುದು,” ಎಂದ. “ಖರೆ, ಅದು ಇದಲ್ಲಲ್ಲ. ನಿನ್ನ ಮಗನ್ನ ಬಿಡು, ಅವನಕಿಂತ ಶಾಣ್ಯಾನ್ನ ಕೊಡತೀನಿ ಅಂದ್ರ ನೀ ಕೊಡತೀಯೇನು?”

ನನಗೆ ಸಿಟ್ಟು ಇನ್ನೂ ಏರಿತು. ಮನೆಗೆ ಹೋಗುವ ದಾರಿಯಲ್ಲೇ ಅವನ ಮನೆಯ ಬಾಗಿಲಲ್ಲಿ ನಿಂತು ಉಮಾದೇವಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆಕೆಯ ಮುಖ ಒಮ್ಮೆಲೇ ಸಣ್ಣದಾಯಿತು. ಮದುವೆಯಾದಾಗಿನಿಂದ ಗಂಡ ತನ್ನ ಮಗ್ಗುಲಲ್ಲಿ ಮಲಗಿದರೂ ಅರ್ಧ ಬೇರೆಲ್ಲೋ ಇರುವಂತೆ ಅನ್ನಿಸುತ್ತದೆ ಎಂದಳು. ನಿದ್ದೆಯಲ್ಲಿ ಮುಷ್ಟಿ ಬಿಡಿಸಲು ಹೋದರೆ ಒಳಗಿನಿಂದ ಯಾರೋ ಹಿಡಿದ ಹಾಗೆ ಬಿಗಿ ಇರುತ್ತದಂತೆ.

“ನನಗ ಪೂರಾ ಗಂಡ ಬೇಕ್ರೀ ಅಣ್ಣಾರ,” ಎಂದಳು. “ನಾ ಏನು ಬಂಗಾರ ಕೇಳಾಕತ್ತಿಲ್ಲ.”

ಅಲ್ಲಿಂದ ಆಕೆ ಹಟ ಹಿಡಿದಳು. ಅಳಲಿಲ್ಲ, ಜಗಳವಾಡಲಿಲ್ಲ. ದಿನಾ ತಾಟಿನಲ್ಲಿ ರೊಟ್ಟಿ ಬಡಿಸಿ ಇಟ್ಟು, ಮಠಕ್ಕೆ ಯಾವಾಗ ಹೋಗುವುದು ಎಂದು ಒಂದೇ ಮಾತು ಕೇಳುತ್ತಿದ್ದಳು. ದೀಪಾವಳಿ ದಾಟಿದ ಮೇಲೆ ಅಮರಗುಂಡಪ್ಪ ಸೋತು ಹೂಂ ಎಂದ. ತಾಯಿಗೆ ಮಾತ್ರ ನಿಜ ಹೇಳಬಾರದು, ಸವೆದ ಲಿಂಗ ಬದಲಿಸುತ್ತಿದ್ದೇವೆ ಎಂದಷ್ಟೇ ಹೇಳಬೇಕು ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡ.

ಒಂದು ಸೋಮವಾರ ಬೆಳಿಗ್ಗೆ ನನ್ನ ಕಾರಿನಲ್ಲೇ ಮುಕ್ಕುಂದಕ್ಕೆ ಹೊರಟೆವು, ಅಲ್ಲಿ ಹೊಳೆಗೆ ಇಳಿಯಲು ಹಸನಾದ ದಾರಿ ಇದೆ. ಮಠದ ಅಯ್ಯನವರು ಮುಂದೆ ಕೂತರು. ವೀರಭದ್ರಮ್ಮ ತಾನೂ ಬರುತ್ತೇನೆ ಎಂದು ಎದ್ದುಬಿಟ್ಟಳು. ಎಂಬತ್ತರ ಮುದುಕಿ, ಬೇಡ ಎಂದರೆ ಸಂಶಯ ಬರುತ್ತದೆಂದು ಕರೆದುಕೊಂಡೆವು. ದಾರಿಯುದ್ದಕ್ಕೂ ಎರಡೂ ಬದಿಗೆ ಭತ್ತದ ಗದ್ದೆ, ಕೊಯ್ಲಿನ ಯಂತ್ರಗಳ ಸದ್ದು. ಮುದುಕಿ ಕಿಟಕಿಯ ಹೊರಗೆ ನೋಡಲಿಲ್ಲ, ಮಗನ ಎಡಗೈಯನ್ನೇ ನೋಡುತ್ತಿದ್ದಳು.

ಹೊಳೆಯ ದಂಡೆಯಲ್ಲಿ ಅಯ್ಯನವರು ಹೊಸ ಲಿಂಗವನ್ನು ಬಿಲ್ವಪತ್ರೆಯ ಮೇಲೆ ಇಟ್ಟು ಸಿದ್ಧ ಮಾಡಿದರು. ಅಮರಗುಂಡಪ್ಪ ಮೊಣಕಾಲಿನವರೆಗೆ ನೀರಿಗೆ ಇಳಿದು, ಕರಡಿಗೆ ತೆರೆದು, ಅಣ್ಣನ ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಬಿಡಪ್ಪಾ ಎಂದು ಅಯ್ಯನವರು ಮೆಲ್ಲಗೆ ಅಂದರು. ಬೇಗ ಬಿಟ್ಟು ಮೇಲೆ ಬಂದರೆ ಸಾಕಪ್ಪ ಎಂದು ನಾನು ಒಳಗೊಳಗೇ ಹಲ್ಲು ಕಚ್ಚಿ ನಿಂತಿದ್ದೆ.

ಆಗ ಮುದುಕಿ ಕಲ್ಲಿನ ಮೇಲೆ ಕೂತಲ್ಲಿಂದಲೇ ಮಾತಾಡಿದಳು.

“ಸವದೈತಿ ಅಂತ ಯಾಕ ಸುಳ್ಳು ಹೇಳತೀ ಅಮರಾ? ಅದು ಬಸುಂದು. ನಾ ಗೊತ್ತಿದ್ದೇ ಕಟ್ಟೀನಿ.”

ಅವಳು ಅವನ ಕಡೆ ನೋಡದೆ, ನೀರಿನ ಕಡೆ ನೋಡುತ್ತ ಹೇಳಿದಳು.

“ಹೆತ್ತಾಕಿಗೆ ಯಾರ ಲಿಂಗ ಯಾವ್ದು ಅಂತ ಗೊತ್ತಾಗಂಗಿಲ್ಲೇನು? ಡಾಕ್ಟರು ನೀನೂ ಉಳಿಯಂಗಿಲ್ಲ ಅಂದಿದ್ರು. ಬಸುನ ಮಗ್ಗಲಾಗ ನಿನಗೂ ಜಾಗ ಬಿಡಿಸಿ ಬಂದಿದ್ದೆ. ಸಣ್ಣವರಿದ್ದಾಗ ಕೈ ಕೈ ಹಿಡಕೊಂಡು ಮಲಗತಿದ್ರಿ, ಮಣ್ಣಾಗೂ ಹಂಗ ಇರ್ಲಿ ಅಂತ ನಿಂದು ಅವನ ಕೈಗೆ ಕೊಟ್ಟೆ. ಅವನ್ದು ನಿನ್ನ ಕೈಗೆ ಇಡಾಕ ಸೆರಗಿನಾಗ ಕಟಗೊಂಡು ದವಾಖಾನಿಗೆ ಬಂದೆ. ಬಂದು ನೋಡಿದ್ರ ನೀ ಕಣ್ಣು ತಗದಿದ್ದಿ.”

ಉಮಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು. ಮುದುಕಿಯ ದನಿ ಅಲ್ಲಿಯವರೆಗೂ ಗಟ್ಟಿಯಾಗಿತ್ತು, ಈಗ ಒಡೆಯಿತು. ಬದುಕಿದ ಮಗನಿಗೆ ಏನು ಕಟ್ಟಬೇಕಿತ್ತು, ಇದ್ದದ್ದನ್ನೇ ಕಟ್ಟಿದೆ ಎಂದಳು. ಆ ದಿನದಿಂದ ರಾತ್ರಿ ಎದ್ದು ಎದ್ದು ಅವನ ಮೂಗಿನ ಮುಂದೆ ಕೈ ಹಿಡಿದು ಉಸಿರು ನೋಡಿದ್ದೇನೆ ಎಂದಳು. ಬಿಟ್ಟ ಜಾಗ ಅಲ್ಲಿ ಹಾಗೇ ಇದೆ, ಅದು ನನ್ನ ಮಗನ ದಾರಿ ಕಾಯುತ್ತಿದೆ ಎಂದು ಒಂದು ದಿನವೂ ನೆಟ್ಟಗೆ ಉಂಡಿಲ್ಲ ಎಂದಳು.

“ಕಟ್ಟಿದಾಕಿ ನಾನ, ಹೇಳಾಕತ್ತೀನಿ, ಬಿಡು,” ಎಂದಳು. “ಹೊರಗ ಬಾ ನನ ಮಗನ.”

ತಾಯಿಗೆ ತಿಳಿಯಬಾರದೆಂದು ಮಗ ಇಪ್ಪತ್ತು ವರ್ಷ ಬಾಯಿ ಮುಚ್ಚಿದ್ದ. ಮಗನಿಗೆ ತಿಳಿಯಬಾರದೆಂದು ತಾಯಿ ಅಷ್ಟೇ ವರ್ಷ ಬಾಯಿ ಮುಚ್ಚಿದ್ದಳು. ಒಂದೇ ಒಲೆಯ ಅಡಿಗೆ ಉಂಡು, ಒಂದೇ ಸೂರಿನಡಿ ಮಲಗಿ, ನಡುವೆ ಆ ಸತ್ತ ಹುಡುಗನನ್ನು ಕೂರಿಸಿಕೊಂಡು ಬದುಕಿದ್ದರು. ನನಗೆ ಅಳು ಬಂತು. ಹೆಂಡತಿ ಕಡೆಯವರು ಸತ್ತಾಗಲೂ ಅಳದವನು ನಾನು, ಕಾರಿನ ಬಾಗಿಲ ಹಿಂದೆ ನಿಂತು ಅತ್ತೆ.

ಅಮರಗುಂಡಪ್ಪ ನೀರಿನಲ್ಲೇ ನಿಂತಿದ್ದ. ಹೇಳಿದರೆ ನಂಬುತ್ತೀರೋ ಇಲ್ಲವೋ, ಅವನ ಮುಖದಲ್ಲಿ ದುಗುಡ ಇರಲಿಲ್ಲ. ತಪ್ಪಿನಿಂದ ತನ್ನ ಕೊರಳಿಗೆ ಬಂತು ಎಂದುಕೊಂಡಿದ್ದದ್ದು ತಾಯಿಯೇ ನೋಡಿ ಕೊಟ್ಟದ್ದು ಎಂದು ಆಗಷ್ಟೇ ಅವನಿಗೆ ತಿಳಿದಿತ್ತು.

“ಇದನ್ನ ಹೊಳಿಗೆ ಬಿಟ್ರ, ಅಣ್ಣನ ಕೈಯಾಗಿಂದು ಏನ್ ಮಾಡ್ಲಿ ಯವ್ವಾ?” ಎಂದ. “ಅದನ್ನ ತಗಿಯಾಕ ಬರಂಗಿಲ್ಲ. ಅವ ನಂದು ಹಿಡಕೊಂಡು ಕುಂತಾನ, ನಾ ಅವನ್ದು ಬಿಟ್ಟು ಹೆಂಗ ಬರ್ಲಿ?”

ಲಿಂಗವನ್ನು ಹೊಳೆಯ ನೀರಿನಲ್ಲಿ ತೊಳೆದು, ಕರಡಿಗೆಗೆ ಹಾಕಿ, ಕೊರಳಿಗೆ ಕಟ್ಟಿಕೊಂಡು ಮೇಲೆ ಬಂದ. ಅಯ್ಯನವರು ಏನಾದರೂ ಶಾಸ್ತ್ರ ಹೇಳುತ್ತಾರೆ ಎಂದು ಉಮಾದೇವಿ ಅವರ ಮುಖ ನೋಡಿದಳು. ತಮಗೆ ತಿಳಿದ ಶಾಸ್ತ್ರದಲ್ಲಿ ಇದು ಬರುವುದಿಲ್ಲ ಎಂದು ಅವರು ಹೊಸ ಲಿಂಗವನ್ನು ಜೋಳಿಗೆಗೆ ಹಾಕಿಕೊಂಡರು. ಆಕೆ ಗಂಡನ ಒದ್ದೆ ಪಂಚೆಯ ಅಂಚು ಹಿಂಡಿ, ಅತ್ತೆಯ ಕೈ ಹಿಡಿದು ಕಾರಿನ ಹತ್ತಿರ ನಡೆಸಿಕೊಂಡು ಬಂದಳು. ಬರುವಾಗ ಕಾರಿನಲ್ಲಿ ನನ್ನ ತಲೆಯೊಳಗೆ ಲಾಭ ನಷ್ಟ ಇನ್ನೂ ಓಡುತ್ತಲೇ ಇತ್ತು. ಅವನ ಪರವಾಗಿ ಒಂದು ಕಾರಣವನ್ನೂ ನಾನು ಹುಡುಕಲಾರದೆ ಹೋದೆ, ಅವನು ತಪ್ಪು ಮಾಡಿದ ಎನ್ನಲು ನಾಲಿಗೆಯೂ ಏಳಲಿಲ್ಲ.

ವೀರಭದ್ರಮ್ಮ ಶಿವರಾತ್ರಿಯ ಹಿಂದಿನ ವಾರ ತೀರಿಕೊಂಡಳು. ಹೆಣವನ್ನು ಗುರುಗುಂಟಾಕ್ಕೆ ಒಯ್ದೆವು. ಗಂಡನ ಮಗ್ಗುಲಲ್ಲಿ ಕುಣಿ ತೋಡಲು ದಾಯಾದಿಗಳು ಸಲಿಕೆ ಹಿಡಿದು ನಿಂತಿದ್ದರು, ಅದು ಇದ್ದ ಪದ್ಧತಿ. ಅಲ್ಲ, ಬಸವಲಿಂಗನ ಮಗ್ಗುಲಲ್ಲಿ ಎಂದು ಉಮಾದೇವಿ ಹೇಳಿದಳು. ಅಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹುಗಿದ ಒಂದು ಜಾಗ ಖಾಲಿ ಇತ್ತು. ಮಧ್ಯೆ ಹುಲ್ಲು ಕೂಡ ಸರಿಯಾಗಿ ಬೆಳೆದಿರಲಿಲ್ಲ. ಹಿರಿಯರು ಒಪ್ಪಲಿಲ್ಲ. ಗಂಡನನ್ನು ಬಿಟ್ಟು ಮಗನ ಮಗ್ಗುಲಲ್ಲಿ ಹೆಂಗಸನ್ನು ಇಟ್ಟದ್ದು ನಮ್ಮಲ್ಲಿ ಇಲ್ಲ ಎಂದರು. ಆಗ ಆಕೆ ಅತ್ತೆ ಸಾಯುವ ಮುಂಚೆ ಆಡಿದ ಮಾತನ್ನು ಅತ್ತೆಯ ದನಿಯಲ್ಲೇ ಎಲ್ಲರ ಮುಂದೆ ಹೇಳಿದಳು.

“ಆ ಜಾಗ ಖಾಲಿ ಇರೋತನಕ ನನ್ನ ಮಗನ್ನ ಕರೀತೈತಿ. ಅಲ್ಲಿ ನಾ ಹೋಗಿ ಕುಂದರತೀನಿ.”

ಎಲ್ಲರೂ ಅಮರಗುಂಡಪ್ಪನ ಕಡೆ ತಿರುಗಿದರು. ಇದ್ದದ್ದನ್ನು ಅಲುಗಿಸಬಾರದು ಎಂದು ಹುಟ್ಟಾ ಹಟ ಹಿಡಿದವನು ಅವನು, ಆ ಜಾಗವೂ ಅವನದೇ. ಅವನು ನಾಲ್ಕು ಕಲ್ಲುಗಳ ಹತ್ತಿರ ಹೋದ. ಆಮೇಲೆ ಬಗ್ಗಿ ಮೂಲೆಯ ಒಂದು ಕಲ್ಲನ್ನು ತಾನೇ ಕಿತ್ತು ಬದಿಗೆ ಇಟ್ಟ. ಸಲಿಕೆಗಳು ಅಲ್ಲೇ ಅಗೆಯತೊಡಗಿದವು.

ಕುಣಿಯಲ್ಲಿ ಅವಳನ್ನು ಕೂರಿಸಿದಾಗ ಬಿಸಿಲು ಏರಿತ್ತು. ಅಯ್ಯನವರು ಲಿಂಗ ಕೊಡು ಎಂದು ಕೈ ಚಾಚಿದರು. ಅಮರಗುಂಡಪ್ಪ ತಾಯಿಯ ಕೊರಳಿನ ಕರಡಿಗೆ ಬಿಚ್ಚಿದ, ಕೊಡಲಿಲ್ಲ. ಲಿಂಗವನ್ನು ತೆಗೆದು ತನ್ನ ಎಡ ಅಂಗೈಯಲ್ಲಿ ಇಟ್ಟುಕೊಂಡು ನೋಡತೊಡಗಿದ. ಹೊತ್ತಾಯಿತು ಎಂದು ಯಾರೋ ಅಂದರು. ಅವನು ಕೇಳಿಸಿಕೊಳ್ಳಲಿಲ್ಲ. ಹೊರಳಿಸಿ ಇನ್ನೊಂದು ಬದಿ ನೋಡಿದ, ಮತ್ತೆ ನೆಟ್ಟಗೆ ಇಟ್ಟು ನೋಡಿದ. ಅವನ ಆ ಅಂಗೈ ಅಷ್ಟು ಹೊತ್ತು ಪೂರ್ತಿ ಬಿಚ್ಚಿಕೊಂಡು ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

“ಇದು ಅವ್ವಂದ,” ಎಂದು ಹೇಳಿ ಅಯ್ಯನವರ ಕೈಗೆ ಕೊಟ್ಟ.